ಫ್ರಿಜ್ ತಣ್ಣಗಾಗ್ತಿಲ್ವಾ? ಗ್ಯಾಸ್ ತುಂಬಿಸೋಕೆ ಮುಂಚೆ ಇದಿಷ್ಟು ನೋಡ್ಕೊಳ್ಳಿ

ರಾತ್ರಿ ಫ್ರಿಜ್ಜಲ್ಲಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಹೊತ್ತಿಗೆ ಹುಳಿ ಬಂದು ಉಕ್ಕಿರತ್ತೆ, ಹಾಲು ಕಾಯಿಸೋಕೆ ಇಟ್ರೆ ಒಡೆಯತ್ತೆ, ಐಸ್ ಟ್ರೇಲಿ ನೀರು ನೀರಾಗೇ ಇರತ್ತೆ. ಆಗ ಯಾರನ್ನ ಕೇಳಿದ್ರೂ ಮೊದಲು ಬರೋ ಮಾತು "ಗ್ಯಾಸ್ ಹೋಗಿದೆ, ತುಂಬಿಸ್ಬೇಕು". ನಾನು ಹೇಳೋಕೆ ಹೊರಟಿರೋದು ಇಷ್ಟೇ: ಫ್ರಿಜ್ಜಿನ ಗ್ಯಾಸ್ ಬಳಸಿದಷ್ಟೂ ಕಮ್ಮಿ ಆಗೋ ವಸ್ತು ಅಲ್ಲ. ಪೂರ್ತಿ ಬೆಸುಗೆ ಹಾಕಿ ಮುಚ್ಚಿರೋ ಪೈಪಿನೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಾ ಇರತ್ತೆ. ಅದು ಹೋಗಿದೆ ಅಂದ್ರೆ ಎಲ್ಲೋ ತೂತಾಗಿದೆ ಅಂತ ಅರ್ಥ, ಆ ತೂತು ಹುಡುಕದೆ ಬರೀ ಗ್ಯಾಸ್ ತುಂಬಿದ್ರೆ ಅದೂ ಅದೇ ದಾರೀಲಿ ಹೋಗತ್ತೆ. ಕೂಲಿಂಗ್ ಕಮ್ಮಿ ಆಗೋಕೆ ಗ್ಯಾಸಿಗೂ ಮೊದಲು ನೋಡ್ಬೇಕಾದ ಕಾರಣಗಳು ಸುಮಾರಿವೆ, ಹೆಚ್ಚಿನವು ಮನೇಲೇ ದುಡ್ಡು ಖರ್ಚಿಲ್ಲದೆ ಗೊತ್ತಾಗತ್ತೆ.

ಒಳಗೆ ನಡೆಯೋದೇನು ಅಂತ ಮೊದಲು

ಹಿಂದೆ ಕೆಳಗಡೆ ಕಪ್ಪಗೆ ಗುಂಡಗೆ ಇರತ್ತಲ್ಲ, ಅದು ಕಂಪ್ರೆಸರ್. ಅದು ಗ್ಯಾಸನ್ನ ಅದುಮಿ ಬಿಸಿ ಮಾಡಿ ಕಂಡೆನ್ಸರ್‌ಗೆ ತಳ್ಳತ್ತೆ. ಹಳೇ ಫ್ರಿಜ್ಜಲ್ಲಿ ಹಿಂದೆ ಕಾಣೋ ಕಪ್ಪು ಜಾಲರಿನೇ ಕಂಡೆನ್ಸರ್, ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಅದು ಪಕ್ಕದ ತಗಡಿನ ಒಳಗಡೆ ಅಡಗಿರತ್ತೆ, ಅದಕ್ಕೇ ಫ್ರಿಜ್ಜಿನ ಎರಡೂ ಮೈ ಮುಟ್ಟಿದ್ರೆ ಬಿಸಿ. ಅಲ್ಲಿ ಗ್ಯಾಸು ಬಿಸಿ ಬಿಟ್ಟು ದ್ರವ ಆಗತ್ತೆ, ಆಮೇಲೆ ಫಿಲ್ಟರ್ ಅನ್ನೋ ಬೆರಳುದ್ದದ ತಾಮ್ರದ ಕೊಳವೆ ದಾಟಿ ಕ್ಯಾಪಿಲರಿ ಅನ್ನೋ ದಾರದಂಥ ಸಣ್ಣ ಪೈಪಿಗೆ ಇಳಿಯತ್ತೆ. ಕ್ಯಾಪಿಲರಿ ದಾಟಿ ಫ್ರೀಜರ್ ಸುತ್ತ ಇರೋ ಇವಾಪರೇಟರ್‌ಗೆ ಬಂದ ತಕ್ಷಣ ಒತ್ತಡ ಒಮ್ಮೆಲೇ ಬೀಳತ್ತೆ, ದ್ರವ ಕುದ್ದು ಆವಿ ಆಗತ್ತೆ, ಹಾಗೆ ಆಗುವಾಗ ಸುತ್ತಲಿನ ಬಿಸಿನ ಎಳ್ಕೊಳ್ಳತ್ತೆ. ಇಂಜೆಕ್ಷನ್ ಕೊಡೋಕೆ ಮುಂಚೆ ನರ್ಸ್ ಸ್ಪಿರಿಟ್ ಒರೆಸಿದಾಗ ಚರ್ಮ ತಣ್ಣಗಾಗೋದೂ ಇದೇ ಕಾರಣಕ್ಕೆ. ಆವಿ ವಾಪಸ್ ಕಂಪ್ರೆಸರ್‌ಗೆ, ಮತ್ತೆ ಅದೇ ಸುತ್ತು.

ಈ ಸುತ್ತಿನಲ್ಲಿ ಎರಡು ಜಾಗ ಮುಖ್ಯ, ಬಿಸಿ ಹೊರಗೆ ಹೋಗೋ ಜಾಗ ಮತ್ತೆ ಬಿಸಿ ಒಳಗೆ ಎಳ್ಕೊಳ್ಳೋ ಜಾಗ. ಕಂಪ್ಲೇಂಟ್ ಏನೇ ಇದ್ರೂ ಈ ಎರಡು ಕಡೆ ಕೈ ಇಟ್ಟು ಕಣ್ಣಿಟ್ಟು ನೋಡಿದ್ರೆ ಅರ್ಧ ವಿಷಯ ಗೊತ್ತಾಗತ್ತೆ.

ಸಿಂಗಲ್ ಡೋರ್ ಡೈರೆಕ್ಟ್ ಕೂಲ್ ಫ್ರಿಜ್ಜಲ್ಲಿ ಫ್ಯಾನ್ ಇರಲ್ಲ, ಫ್ರೀಜರ್ ಡಬ್ಬಿನೇ ಇವಾಪರೇಟರ್. ಡಬಲ್ ಡೋರ್ ಫ್ರಾಸ್ಟ್ ಫ್ರೀಯಲ್ಲಿ ಇವಾಪರೇಟರ್ ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಗೋಡೆ ಹಿಂದೆ ಇರತ್ತೆ, ಅಲ್ಲಿಂದ ಒಂದು ಫ್ಯಾನ್ ತಣ್ಣಗಿನ ಗಾಳಿನ ಕೆಳಗೆ ತಳ್ಳತ್ತೆ. ನಿಮ್ಮದು ಯಾವುದು ಅಂತ ಮೊದಲು ಖಚಿತ ಮಾಡ್ಕೊಳ್ಳಿ, ಮುಂದೆ ಹೇಳೋದು ಅದರ ಮೇಲೆ ನಿಂತಿದೆ.

ಕೈ ಹಾಕೋಕೆ ಮುಂಚೆ

ಹಿಂದುಗಡೆ ಏನೇ ಮುಟ್ಟೋದಾದ್ರೂ ಪ್ಲಗ್ ಕಿತ್ತೇ ಮುಟ್ಟಿ, ಸ್ವಿಚ್ ಆಫ್ ಮಾಡಿದ್ರೆ ಸಾಕಾಗಲ್ಲ, ಹಳೇ ವೈರಿಂಗಲ್ಲಿ ಸ್ವಿಚ್ಚು ನ್ಯೂಟ್ರಲ್‌ನಲ್ಲಿ ಇರೋ ಮನೆಗಳು ಈಗಲೂ ಇವೆ, ಅಲ್ಲಿ ಸ್ವಿಚ್ ಆಫ್ ಮಾಡಿದ್ರೂ ಫ್ರಿಜ್ಜಿನೊಳಗೆ ಕರೆಂಟ್ ಇರತ್ತೆ. ಫ್ರಿಜ್ ಮೈ ಮುಟ್ಟಿದಾಗ ಜುಮ್ ಅಂದ್ರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡೋ ತನಕ ಪ್ಲಗ್ ಹಾಕ್ಬೇಡಿ. ಇನ್ವರ್ಟರ್ ಕಂಪ್ರೆಸರ್ (ಬೇಕಾದ ಹಾಗೆ ವೇಗ ಹೆಚ್ಚು ಕಮ್ಮಿ ಮಾಡ್ಕೊಳ್ಳೋ ಮಾದರಿ, ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ) ಇರೋ ಫ್ರಿಜ್ಜಿನ ಬೋರ್ಡಲ್ಲಿ 300 ವೋಲ್ಟ್‌ಗೂ ಮೇಲೆ ಡಿಸಿ ಇರತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರಲ್ಲಿ ಉಳಿದಿರತ್ತೆ, ಆ ಬೋರ್ಡ್ ಬಿಚ್ಚೋ ಕೆಲಸ ಮನೇಲಿ ಬೇಡ.

ಹಿಂದೆ ಅಥವಾ ಕಂಪ್ರೆಸರ್ ಮೇಲೆ ಇರೋ ಸ್ಟಿಕರ್ ಓದಿ. ಆರ್-600ಎ ಅಂತಿದ್ರೆ ಅದು ಐಸೋಬ್ಯುಟೇನ್, ಹೊತ್ಕೊಳ್ಳೋ ಗ್ಯಾಸು. ಈಗಿನ ಮನೆ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇದೇ. ಹಳೇದ್ರಲ್ಲಿ ಆರ್-134ಎ ಇರತ್ತೆ, ಅದು ಸಾಮಾನ್ಯವಾಗಿ ಹೊತ್ಕೊಳ್ಳಲ್ಲ. ಅಡುಗೆ ಗ್ಯಾಸಿಗೆ ವಾಸನೆ ಬೇಕಂತಲೇ ಸೇರಿಸಿರ್ತಾರೆ, ಫ್ರಿಜ್ಜಿನ ಆರ್-600ಎಗೆ ಹಾಗೆ ಸೇರಿಸಿರಲ್ಲ, ಅಂದ್ರೆ ಲೀಕಾದ್ರೂ ಮೂಗಿಗೆ ಗೊತ್ತಾಗದೇ ಇರಬಹುದು. ಅದು ಗಾಳಿಗಿಂತ ಭಾರ, ನೆಲದ ಮಟ್ಟಕ್ಕೆ ಇಳಿದು ಕೂರತ್ತೆ. ಪೈಪ್ ಚುಚ್ಚಿ ಬುಸ್ ಅಂದ್ರೆ ಒಲೆ, ಎಣ್ಣೆ ದೀಪ, ಊದುಬತ್ತಿ ಎಲ್ಲ ಆರಿಸಿ, ಕಿಟಕಿ ಬಾಗಿಲು ತೆಗೀರಿ, ಅಲ್ಲೇ ಇರೋ ಸ್ವಿಚ್ ಮುಟ್ಬೇಡಿ, ಮೇನ್ ದೂರದಲ್ಲಿದ್ರೆ ಅಲ್ಲಿಂದ ಆಫ್ ಮಾಡಿ.

ಲೈಟೂ ಇಲ್ಲ ಸೌಂಡೂ ಇಲ್ಲ

ಆ ಪಾಯಿಂಟಿಗೆ ಬೇರೆ ಏನಾದ್ರೂ ಹಾಕಿ ನೋಡಿ. ಸ್ಟೆಬಿಲೈಜರ್ ಇದ್ರೆ ಅದನ್ನ ಬಿಟ್ಟು ನೇರ ಗೋಡೆ ಸಾಕೆಟ್‌ಗೆ ಹಾಕಿ ನೋಡಿ, ಕೆಟ್ಟಿರೋದು ಸ್ಟೆಬಿಲೈಜರ್ರೇ ಆಗಿರಬಹುದು. ಆದ್ರೆ ಕರೆಂಟ್ ಈಗಷ್ಟೇ ಹೋಗಿ ಬಂದಿದ್ರೆ ಸ್ಟೆಬಿಲೈಜರ್ ಕೆಲವು ನಿಮಿಷ ತಡೆದೇ ಬಿಡತ್ತೆ, ಅದು ಬೇಕಂತಲೇ ಮಾಡಿರೋದು, ಯಾಕೆ ಅಂತ ಮುಂದೆ ಹೇಳ್ತೀನಿ. ಪ್ಲಗ್ ಪಿನ್ ಕರಗಿ ಕಪ್ಪಾಗಿದ್ರೆ ಸಾಕೆಟ್ಟೂ ಬದಲಾಯಿಸ್ಬೇಕು, ಬರೀ ಪ್ಲಗ್ ಬದಲಾಯಿಸಿದ್ರೆ ಮತ್ತೆ ಸುಡತ್ತೆ. ಹಿಂದೆ ವೈರನ್ನ ಇಲಿ ಕಡಿದಿದ್ಯಾ ಅಂತಲೂ ನೋಡಿ.

ಲೈಟ್ ಇದೆ, ಆದ್ರೆ ಕಂಪ್ರೆಸರ್ ಸದ್ದೇ ಇಲ್ಲ

ಥರ್ಮೋಸ್ಟಾಟ್ (ತಂಪು ಹೆಚ್ಚು ಕಮ್ಮಿ ಮಾಡೋದು) ನಾಬ್ ಸೊನ್ನೆಗೆ ತಿರುಗಿರಬಹುದು, ಪಾತ್ರೆ ತಾಗಿ ತಿರುಗೋದು ತುಂಬಾ ಮಾಮೂಲಿ. ಸಿಂಗಲ್ ಡೋರಲ್ಲಿ ನಾಬ್ ಮಧ್ಯೆ ಇರೋ ಡಿಫ್ರಾಸ್ಟ್ (ಐಸ್ ಕರಗಿಸೋ) ಬಟನ್ ಒತ್ತಿಹೋಗಿದ್ರೆ ಐಸ್ ಕರಗೋ ತನಕ ಕಂಪ್ರೆಸರ್ ಎದ್ದೇಳಲ್ಲ. ಫ್ರಾಸ್ಟ್ ಫ್ರೀ ಆದ್ರೆ ಅದೇ ತಾನಾಗಿ ಡಿಫ್ರಾಸ್ಟ್‌ಗೆ ಹೋಗಿರಬಹುದು, ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಇದ್ಯಾವುದೂ ಅಲ್ಲ, ನಾಬ್ ಪೂರ್ತಿ ತಿರುಗಿಸಿದ್ರೂ ಟಿಕ್ ಅನ್ನಲ್ಲ ಅಂದ್ರೆ ಥರ್ಮೋಸ್ಟಾಟ್ ಮೇಲೆ ಅನುಮಾನ. ಡಿಜಿಟಲ್ ಮಾಡೆಲ್ ಆದ್ರೆ ಸೆನ್ಸರ್ ಅಥವಾ ಬೋರ್ಡು.

ಗುಂಯ್ ಅನ್ನತ್ತೆ, ಟಕ್ ಅಂತ ನಿಲ್ಲತ್ತೆ, ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಅದೇ

ಇದನ್ನ ಕೇಳಿದ ಕೂಡ್ಲೇ ಕಂಪ್ರೆಸರ್ ಹೋಯ್ತು ಅಂತ ಎದೆ ಒಡ್ಕೊಳ್ಳೋರೇ ಜಾಸ್ತಿ. ನಿಧಾನಕ್ಕೆ ನೋಡಿ. ಕಂಪ್ರೆಸರ್ ತಿರುಗೋಕೆ ಪ್ರಯತ್ನ ಪಟ್ಟು ಆಗದೆ ಕರೆಂಟ್ ಜಾಸ್ತಿ ಎಳೀತಾ ಇದೆ, ಬಿಸಿಯಾದ ಓವರ್‌ಲೋಡ್ ಪ್ರೊಟೆಕ್ಟರ್ ಟಕ್ ಅಂತ ಲೈನ್ ಕಡಿತಾ ಇದೆ, ತಣ್ಣಗಾದ್ಮೇಲೆ ಮತ್ತೆ ಕೊಡ್ತಾ ಇದೆ. ಅದರ ಕೆಲಸ ಅದು ಸರಿಯಾಗೇ ಮಾಡ್ತಿದೆ.

ಮೊದಲ ಕಾರಣ ವೋಲ್ಟೇಜು. ಇರಬೇಕಾದ್ದು 230, ಅದು 180ರ ಹತ್ರ ಇಳಿದ್ರೆ ಹಳೇ ಮಾದರಿ ಕಂಪ್ರೆಸರ್‌ಗಳು ಎದ್ದೇಳೋಕೆ ಒದ್ದಾಡ್ತವೆ. ಊರುಗಳಲ್ಲಿ ಪಂಪ್‌ಸೆಟ್ ಓಡೋ ಟೈಮಲ್ಲಿ ಬಲ್ಬ್ ಮಂಕಾಗೋದು ಎಲ್ಲರಿಗೂ ಗೊತ್ತು, ಅದೇ ಹೊತ್ತಲ್ಲಿ ಮಾತ್ರ ಈ ಟಕ್ ಟಕ್ ಇದ್ರೆ ದೋಷ ಫ್ರಿಜ್ಜಿಂದಲ್ಲ, ಸ್ಟೆಬಿಲೈಜರ್ ಬೇಕು ಅಥವಾ ಇರೋದು ಸಾಲ್ತಿಲ್ಲ.

ಎರಡನೇದು ಕರೆಂಟ್ ಹೋದ ಕ್ಷಣಕ್ಕೇ ವಾಪಸ್ ಬರೋದು. ಕಂಪ್ರೆಸರ್ ನಿಂತ ತಕ್ಷಣ ಒಂದು ಕಡೆ ಒತ್ತಡ ಜಾಸ್ತಿ ಒಂದು ಕಡೆ ಕಮ್ಮಿ ಇರತ್ತೆ, ಕ್ಯಾಪಿಲರಿ ಮೂಲಕ ಅದು ಸಮ ಆಗೋಕೆ ಕೆಲವು ನಿಮಿಷ ಬೇಕು, ಅದಕ್ಕೂ ಮುಂಚೆ ಸ್ಟಾರ್ಟ್ ಮಾಡಿದ್ರೆ ಆ ಒತ್ತಡದ ವಿರುದ್ಧ ಅದು ತಿರುಗಲ್ಲ. ಐದು ನಿಮಿಷ ಆಫ್ ಇಟ್ಟು ಹಾಕಿ. ಸ್ಟೆಬಿಲೈಜರ್ ತಡ ಮಾಡೋದೂ ಇದಕ್ಕೇ.

ಮೂರನೇದು ರಿಲೇ, ಕಂಪ್ರೆಸರ್ ಎದ್ದೇಳೋಕೆ ಶುರುವಿನ ತಳ್ಳು ಕೊಡೋ ಭಾಗ. ಕಂಪ್ರೆಸರ್ ಪಕ್ಕದ ಮುಚ್ಚಳದೊಳಗೆ ಪಿನ್ನುಗಳಿಗೆ ಸಿಕ್ಕಿಸಿರೋ ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಕೆಲವು ನೂರು ರೂಪಾಯಿ ಸಾಮಾನು. ಪ್ಲಗ್ ಕಿತ್ತು, ತಣ್ಣಗಾಗೋಕೆ ಬಿಟ್ಟು, ಪಕ್ಕದಲ್ಲಿ ಕೆಪಾಸಿಟರ್ ಇದ್ರೆ ಅದರ ತಂಟೆಗೆ ಹೋಗದೆ, ರಿಲೇ ಮಾತ್ರ ಎಳೆದು ಕಿವಿ ಹತ್ರ ಅಲ್ಲಾಡಿಸಿ. ಒಳಗೆ ಗಲಗಲ ಅಂದ್ರೆ ಅಥವಾ ಸುಟ್ಟ ವಾಸನೆ ಬಂದ್ರೆ ರಿಲೇ ಹೋಗಿರೋ ಸಾಧ್ಯತೆ ಹೆಚ್ಚು, ಅದೇ ನಂಬರಿಂದು ತಂದು ಹಾಕಿಸಿ. ಅಲ್ಲಾಡಿಸಿದಾಗ ಶಬ್ದ ಮಾಡದೆ ಇರೋ ರಿಲೇನೂ ಕೆಟ್ಟಿರಬಹುದು, ಅದಕ್ಕೆ ಮೀಟರ್ ಬೇಕು.

ಮಲ್ಟಿಮೀಟರ್ ಹಿಡಿಯೋಕೆ ಬರೋರು ಕಂಪ್ರೆಸರಿನ ಮೂರು ಪಿನ್ ಅಳೀಬಹುದು. ಸಾಮಾನ್ಯ ಕಂಪ್ರೆಸರಲ್ಲಿ ಮೂರು ಜೋಡಿಗೂ ಬೇರೆ ಬೇರೆ ಓಮ್ಸ್ ಬರತ್ತೆ, ಅತಿ ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮ ಇರಬೇಕು. ಇನ್ವರ್ಟರ್ ಕಂಪ್ರೆಸರಲ್ಲಿ ಮೂರೂ ಜೋಡಿ ಒಂದೇ ಥರ ಬರತ್ತೆ. ಯಾವುದಾದ್ರೂ ಜೋಡಿ ಪೂರ್ತಿ ಓಪನ್ ತೋರ್ಸಿದ್ರೆ, ಇಲ್ಲಾ ಪಿನ್ನಿಂದ ಕಂಪ್ರೆಸರ್ ಮೈಗೆ ಕಂಟಿನ್ಯೂಟಿ ಬಂದ್ರೆ ಆಗ ಕಂಪ್ರೆಸರ್ ಹೋಗಿದೆ ಅನ್ನಬಹುದು, ಮತ್ತೆ ಕರೆಂಟ್ ಕೊಡ್ಬೇಡಿ. ಇನ್ವರ್ಟರ್ ಕಂಪ್ರೆಸರ್‌ಗೆ ನೇರ 230 ವೋಲ್ಟ್ ಕೊಟ್ಟು "ಟೆಸ್ಟ್" ಮಾಡೋಕೆ ಯಾರಾದ್ರೂ ಹೊರಟ್ರೆ ತಡೀರಿ, ಅದು ಬೋರ್ಡ್ ಕೊಡೋ ಸಪ್ಲೈಗೆ ಮಾತ್ರ ಓಡೋದು.

ನಿಲ್ಲದೆ ಓಡತ್ತೆ, ಆದ್ರೆ ತಣ್ಣಗಾಗೋದು ಅಷ್ಟಕ್ಕಷ್ಟೆ

ಬಾಗಿಲಿಂದ ಶುರು ಮಾಡಿ. ಡೋರ್ ರಬ್ಬರ್ ಮಧ್ಯೆ ಒಂದು ನೋಟು ಇಟ್ಟು ಬಾಗಿಲು ಹಾಕಿ ಎಳೀರಿ, ಹಿಡಿದು ಬರಬೇಕು. ಸುತ್ತ ನಾಲ್ಕೂ ಕಡೆ ಮಾಡಿ, ಸಲೀಸಾಗಿ ಜಾರಿ ಬಂದ ಕಡೆ ಗಾಳಿ ಒಳಗೆ ಹೋಗ್ತಿದೆ. ರಬ್ಬರಿನ ಮಡಿಕೇಲಿ ಹಿಟ್ಟು, ಎಣ್ಣೆ ಜಿಡ್ಡು ಕೂತಿರತ್ತೆ, ಸೋಪು ನೀರಲ್ಲಿ ಒರೆಸಿ, ಸೊಟ್ಟ ಆಗಿದ್ರೆ ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಸರಿ ಮಾಡ್ಬಹುದು. ಹರಿದಿದ್ರೆ ಮಾತ್ರ ಹೊಸದು.

ಆಮೇಲೆ ಕಂಡೆನ್ಸರ್. ಹಿಂದಿನ ಜಾಲರಿ ಮೇಲೆ ಧೂಳು, ಜೇಡರ ಬಲೆ ಕಟ್ಟಿದ್ರೆ ಬಿಸಿ ಹೊರಗೆ ಹೋಗಲ್ಲ, ಬಿಸಿ ಹೊರಗೆ ಹೋಗದೆ ಒಳಗೆ ತಣ್ಣಗಾಗಲ್ಲ. ಪ್ಲಗ್ ಕಿತ್ತು ಮೆತ್ತಗಿನ ಬ್ರಶ್ಶಲ್ಲಿ ಒರೆಸಿ. ಗೋಡೆಯಿಂದ ಒಂದು ಗೇಣಿನ ಹತ್ರ ಜಾಗ ಬಿಡಿ, ಮೇಲೆ ಪಕ್ಕ ಬಟ್ಟೆ ಹೊದಿಸಿ ಅಲಂಕಾರ ಮಾಡಿರೋದನ್ನ, ಮುಖ್ಯವಾಗಿ ಪಕ್ಕದಲ್ಲಿ ಕಂಡೆನ್ಸರ್ ಇರೋ ಮಾಡೆಲಲ್ಲಿ, ತೆಗೆದುಬಿಡಿ.

ಬೇಸಿಗೇಲಿ ಒಂದು ವಿಷಯ ಜನ ಗಮನಿಸಲ್ಲ. ಸ್ಟಿಕರಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಬರೆದಿರತ್ತೆ, ಎಸ್‌ಟಿ ಅಂದ್ರೆ ಸುತ್ತಲಿನ ಉಷ್ಣಾಂಶ 38 ಡಿಗ್ರಿ ತನಕ, ಟಿ ಅಂದ್ರೆ 43 ತನಕ ಕೆಲಸ ಮಾಡೋಕೆ ಮಾಡಿರೋದು. ಕಲಬುರಗಿ ರಾಯಚೂರು ಕಡೆ ಏಪ್ರಿಲ್ ಮೇನಲ್ಲಿ ಹೊರಗೇ 40 ದಾಟತ್ತೆ, ತಗಡಿನ ಶೀಟ್ ಕೆಳಗೆ ಒಲೆ ಪಕ್ಕ ಫ್ರಿಜ್ ಇಟ್ರೆ ಅದು ಕೆಟ್ಟಿಲ್ಲ, ಉಸಿರು ಕಟ್ಟಿದೆ ಅಷ್ಟೆ. ಜಾಗ ಬದಲಾಯಿಸಿ ಒಂದು ದಿನ ನೋಡಿ. ಬಿಸಿ ಸಾರಿನ ಪಾತ್ರೆ ಹಾಗೇ ಒಳಗಿಡೋದು, ಗಾಳಿ ಆಡದ ಹಾಗೆ ತುಂಬೋದು, ಎರಡನ್ನೂ ಬಿಟ್ಟು ನೋಡಿ.

ತಣ್ಣಗಿದ್ಯೋ ಇಲ್ವೋ ಅಂತ ಕೈಯಲ್ಲಿ ನೋಡೋದು ಬೇಡ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ, ಕೆಳಗೆ 4 ಡಿಗ್ರಿ ಆಸುಪಾಸು ಇರಬೇಕು, ಫ್ರೀಜರಲ್ಲಿ ಮೈನಸ್ 18. ಮನೇಲಿ ಇನ್ಸುಲಿನ್ ಇಟ್ಟಿದ್ರಂತೂ ಇದನ್ನ ತಪ್ಪಿಸ್ಬೇಡಿ, ಅದಕ್ಕೆ 2ರಿಂದ 8 ಡಿಗ್ರಿ ಬೇಕು, ಒಂದ್ಸಲ ಗಟ್ಟಿಯಾದ ಇನ್ಸುಲಿನ್ ಕರಗಿದ್ರೂ ಬಳಸೋ ಹಾಗಿಲ್ಲ.

ಮೇಲೆ ಐಸ್ ಇದೆ, ಕೆಳಗೆ ಬಿಸಿ (ಫ್ರಾಸ್ಟ್ ಫ್ರೀ)

ಇದ್ರಲ್ಲಿ ಗ್ಯಾಸ್ ಮಾತು ಎತ್ತೋಕೆ ಮುಂಚೆ ಗಾಳಿ ನೋಡಿ. ಮೇಲೆ ತಣ್ಣಗಿದೆ ಅಂದ್ರೆ ತಂಪು ಹುಟ್ಟುತ್ತಿದೆ, ಕೆಳಗೆ ಬರ್ತಿಲ್ಲ. ಗಾಳಿ ಬರೋ ಕಿಂಡಿಗೆ ಕವರ್ರೋ ಬಟಾಣಿ ಪ್ಯಾಕೆಟ್ಟೋ ಅಡ್ಡ ಇದ್ಯಾ ನೋಡಿ. ಕಂಪ್ರೆಸರ್ ಓಡೋವಾಗ ಫ್ರೀಜರ್ ಬಾಗಿಲ ಸ್ವಿಚ್ ಬೆರಳಲ್ಲಿ ಒತ್ತಿ ಹಿಡಿದು ಕಿವಿಗೊಡಿ, ಫ್ಯಾನ್ ಸದ್ದು ಬರಬೇಕು. ಬರದಿದ್ರೆ ಫ್ಯಾನ್ ಮೋಟರ್ ಅಥವಾ ಅದು ಐಸಲ್ಲಿ ಸಿಕ್ಕಿಹಾಕ್ಕೊಂಡಿದೆ.

ಹಿಂದಿನ ಪ್ಲಾಸ್ಟಿಕ್ ಗೋಡೆ ಮೇಲೇ ಐಸ್ ಬೆಳೆದಿದ್ರೆ ಡಿಫ್ರಾಸ್ಟ್ ಕೆಟ್ಟಿರೋ ಸಾಧ್ಯತೆ ಹೆಚ್ಚು. ಇವಾಪರೇಟರ್ ಮೇಲೆ ಕಟ್ಟೋ ಹಿಮನ ಕರಗಿಸೋಕೆ ಅದಕ್ಕೊಂದು ಹೀಟರ್ ಇರತ್ತೆ, ಜೊತೆಗೆ ಬೈಮೆಟಲ್ಲು (ಬಿಸಿ ನೋಡಿ ಹೀಟರ್ ಆಫ್ ಮಾಡೋ ಸ್ವಿಚ್ಚು), ಥರ್ಮಲ್ ಫ್ಯೂಸು, ಟೈಮರ್ ಅಥವಾ ಬೋರ್ಡು, ಇದ್ರಲ್ಲಿ ಒಂದು ಹೋದ್ರೂ ಹಿಮ ಗೋಡೆ ಥರ ಬೆಳೆದು ಗಾಳಿ ನಿಲ್ಲಿಸತ್ತೆ. ಖಾತ್ರಿ ಮಾಡ್ಕೊಳ್ಳೋ ಸುಲಭ ದಾರಿ ಇದೆ, ಎಲ್ಲ ಖಾಲಿ ಮಾಡಿ ಪ್ಲಗ್ ಕಿತ್ತು ಬಾಗಿಲು ತೆಗೆದು ಪೂರ್ತಿ ಒಂದು ದಿನ ಬಿಡಿ, ಕೆಳಗೆ ಬಟ್ಟೆ ಹಾಸಿ. ಆಮೇಲೆ ಹಾಕಿದಾಗ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಕೆಳಗೆ ಬಿಸಿ ಆಯ್ತು ಅಂದ್ರೆ ಡಿಫ್ರಾಸ್ಟ್ ಭಾಗನೇ ದೋಷ. ಮೆಕ್ಯಾನಿಕ್‌ಗೆ ಇದನ್ನ ಹೀಗೇ ಹೇಳಿ, ಅವ್ರ ಟೈಮೂ ಉಳಿಯತ್ತೆ ನಿಮ್ಮ ದುಡ್ಡೂ ಉಳಿಯತ್ತೆ.

ಫ್ರೀಜರ್ ಡಬ್ಬೀಲಿ ಒಂದು ಮೂಲೇಲಿ ಮಾತ್ರ ಹಿಮ (ಸಿಂಗಲ್ ಡೋರ್)

ಇಲ್ಲಿ ಗ್ಯಾಸಿನ ಅನುಮಾನಕ್ಕೆ ಅರ್ಥ ಇದೆ. ಐಸ್ ಪೂರ್ತಿ ಕರಗಿಸಿ ಒರೆಸಿ ಮತ್ತೆ ಹಾಕಿ ಎರಡು ಮೂರು ಗಂಟೆ ಬಿಟ್ಟು ನೋಡಿ. ಸರಿ ಇರೋ ಫ್ರಿಜ್ಜಲ್ಲಿ ಡಬ್ಬಿ ಪೂರ್ತಿ ತೆಳ್ಳಗೆ ಒಂದೇ ಸಮ ಹಿಮ ಹಿಡಿಯತ್ತೆ. ಗ್ಯಾಸ್ ಕಮ್ಮಿ ಆಗಿದ್ರೆ ದ್ರವ ಒಳಗೆ ಬಂದ ಶುರುವಿನ ಜಾಗದಲ್ಲೇ ಕುದ್ದು ಮುಗಿದುಹೋಗತ್ತೆ, ಅಲ್ಲಿ ಮಾತ್ರ ಹಿಮ, ಉಳಿದ ಕಡೆ ಒದ್ದೆಯೂ ಇಲ್ಲ. ಕಂಡೆನ್ಸರನ್ನೂ ನೋಡಿ: ಕಂಪ್ರೆಸರ್ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಕಿತ್ತು ತಕ್ಷಣ ಮುಟ್ಟಿ, ಆಗಲೂ ಅದು ತಣ್ಣಗೇ ಇದ್ರೆ ಗ್ಯಾಸ್ ಸುತ್ತುತ್ತಿಲ್ಲ. ಗ್ಯಾಸ್ ಲೀಕಾಗಿರಬಹುದು, ಕಂಪ್ರೆಸರ್ ಅದುಮೋ ಶಕ್ತಿ ಕಳ್ಕೊಂಡಿರಬಹುದು, ಫಿಲ್ಟರ್ ಅಥವಾ ಕ್ಯಾಪಿಲರಿ ಕಟ್ಟಿಕೊಂಡಿರಬಹುದು.

ಇವುಗಳ ಮಧ್ಯೆ ವ್ಯತ್ಯಾಸ ಹೇಳೋ ಗುರುತುಗಳಿವೆ. ಫಿಲ್ಟರ್ ಕೊಳವೆ ಬೆಚ್ಚಗಿರಬೇಕು, ಅದರ ಒಂದು ತುದಿ ತಣ್ಣಗಾಗಿ ಬೆವರ್ತಿದ್ರೆ ಒಳಗೆ ಅಡ್ಡ ಇದೆ. ಕೂಲಿಂಗ್ ಕೆಲವು ಗಂಟೆ ಚೆನ್ನಾಗಿ ಬಂದು ನಿಂತು, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಬಂದು, ಹೀಗೇ ಆಟ ಆಡ್ತಿದ್ರೆ ಪೈಪಿನೊಳಗೆ ತೇವಾಂಶ ಸೇರಿ ಕ್ಯಾಪಿಲರಿ ತುದೀಲಿ ಐಸಾಗಿ ಅಡ್ಡ ಕೂರ್ತಿದೆ. ಬೆಸುಗೆ ಜಾಗದಲ್ಲಿ ಎಣ್ಣೆ ಜಿಡ್ಡು ಕಂಡ್ರೆ ಲೀಕ್ ಅಲ್ಲೇ ಇರಬಹುದು, ಯಾಕಂದ್ರೆ ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆನೂ ಸ್ವಲ್ಪ ಸುತ್ತುತ್ತಿರತ್ತೆ. ಕಾರವಾರ ಮಂಗಳೂರು ಕಡೆ ಉಪ್ಪು ಗಾಳಿಗೆ ಕಬ್ಬಿಣದ ಪೈಪು ತುಕ್ಕು ಹಿಡಿದು ತೂತಾಗೋದೂ ಇದೆ.

ಇಲ್ಲಿಗೆ ನಿಮ್ಮ ಕೆಲಸ ಮುಗೀತು. ಪೈಪು, ಬೆಸುಗೆ, ಗ್ಯಾಸು ಮನೇಲಿ ಮಾಡೋ ಕೆಲಸ ಅಲ್ಲ.

ಚಾಕು ತಾಗಿ ಬುಸ್ ಅಂತು

ಐಸ್ ಕೆತ್ತೋಕೆ ಚಾಕು, ಸ್ಕ್ರೂಡ್ರೈವರ್, ದೋಸೆ ಮಗಚೋ ಕೈ, ಯಾವುದೂ ಬೇಡ. ಫ್ರೀಜರ್ ಡಬ್ಬಿಯ ಅಲ್ಯೂಮಿನಿಯಂ ತೆಳ್ಳಗಿರತ್ತೆ, ಅದರೊಳಗೇ ಗ್ಯಾಸ್ ಓಡೋ ದಾರಿ. ತೂತಾದ್ರೆ ತಕ್ಷಣ ಪ್ಲಗ್ ಹಾಕಿ ಓಡಿಸಿ ನೋಡೋದೂ ಬೇಡ, ಓಡಿಸಿದ್ರೆ ಕಂಪ್ರೆಸರ್ ಆ ತೂತಿಂದ ಗಾಳಿ ಮತ್ತೆ ನೀರು ಒಳಗೆ ಎಳ್ಕೊಂಡು ಪೂರ್ತಿ ಸಿಸ್ಟಮ್ ಹಾಳಾಗತ್ತೆ. ಮೇಲೆ ಹೇಳಿದ ಹಾಗೆ ಕಿಟಕಿ ತೆಗೆದು ಬೆಂಕಿ ಆರಿಸಿ. ಐಸ್ ಕರಗಿಸೋಕೆ ಬಿಸಿ ನೀರಿನ ಬಟ್ಟಲು ಒಳಗಿಟ್ಟು ಕಾದ್ರೆ ಸಾಕು.

ತರಕಾರಿ ಐಸಾಗತ್ತೆ, ಇಲ್ಲಾ ಒಳಗೆ ನೀರು ನಿಲ್ಲತ್ತೆ

ಕೊತ್ತಂಬರಿ ಸೊಪ್ಪು ಐಸಾಗಿ ಕಪ್ಪಾಗ್ತಿದ್ರೆ ನಾಬ್ ಕಮ್ಮಿ ಮಾಡಿ, ಹಿಂದಿನ ಗೋಡೆಗೆ ತಾಗಿಸಿ ಇಡಬೇಡಿ. ಒಂದಕ್ಕೆ ತಿರುಗಿಸಿದ್ರೂ ಕಂಪ್ರೆಸರ್ ನಿಲ್ತಿಲ್ಲ ಅಂದ್ರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ ಅಥವಾ ಸೆನ್ಸರ್ ತಪ್ಪು ಹೇಳ್ತಿದೆ. ತರಕಾರಿ ಡಬ್ಬಿ ಕೆಳಗೆ ನೀರು ನಿಂತ್ರೆ ಹಿಂದಿನ ಗೋಡೆಯ ಕೆಳಗಿರೋ ಡ್ರೈನ್ ತೂತು ಕಟ್ಟಿದೆ, ಪ್ಲಾಸ್ಟಿಕ್ ಸ್ಟ್ರಾದಲ್ಲಿ ಬಿಡಿಸಿ ಬೆಚ್ಚಗಿನ ನೀರು ಬಿಡಿ. ಆ ನೀರು ಹೋಗೋದು ಕಂಪ್ರೆಸರ್ ಮೇಲಿರೋ ಟ್ರೇಗೆ, ಅದನ್ನ ವಾರಕ್ಕೊಂದ್ಸಲ ತೊಳೀರಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋ ಜಾಗಗಳಲ್ಲಿ ಅದೂ ಒಂದು. ಮಳೆಗಾಲದಲ್ಲಿ ಮಲೆನಾಡು ಕರಾವಳಿ ಮನೆಗಳಲ್ಲಿ ಫ್ರಿಜ್ ಮೈ ಹೊರಗೆ ಬೆವರೋದು ಗಾಳಿಯ ತೇವದಿಂದ, ಅದು ಲೀಕ್ ಅಲ್ಲ. ಕಂಪ್ರೆಸರ್ ನಿಂತ ಮೇಲೆ ಸುಯ್, ಗುಳುಗುಳು ಅನ್ನೋದೂ ದೋಷ ಅಲ್ಲ, ಅದು ಒತ್ತಡ ಸಮ ಆಗೋ ಸದ್ದು, ಬಂದ್ರೆ ಒಳ್ಳೇದೇ.

ಗ್ಯಾಸ್ ನಿಜವಾಗ್ಲೂ ಹೋಗಿದೆ ಅಂದ್ರೆ ಏನು ಕೇಳ್ಬೇಕು

ಮೊದಲ ಪ್ರಶ್ನೆ: ಲೀಕ್ ಎಲ್ಲಿದೆ, ತೋರ್ಸಿ. ನೈಟ್ರೋಜನ್ ಒತ್ತಡ ಕೊಟ್ಟು ಸೋಪು ನೀರು ಹಚ್ಚಿ ಹುಡುಕೋದು ಸರಿಯಾದ ಕ್ರಮ. ಬೆಸುಗೆ ಆದ್ಮೇಲೆ ಹೊಸ ಫಿಲ್ಟರ್ ಹಾಕ್ಬೇಕು, ಹಳೇದೇ ಉಳಿಸಿದ್ರೆ ಅದು ಹೀರಿರೋ ತೇವಾಂಶ ವಾಪಸ್ ತೊಂದರೆ ಕೊಡತ್ತೆ. ಆಮೇಲೆ ವ್ಯಾಕ್ಯೂಮ್ ಪಂಪ್‌ನಲ್ಲಿ ಒಳಗಿನ ಗಾಳಿ ತೆಗೀಬೇಕು, ಹಳೇ ಕಂಪ್ರೆಸರಿನ ಸಹಾಯದಿಂದ "ಗಾಳಿ ತೆಗೆದ್ವಿ" ಅನ್ನೋದು ಸಾಲಲ್ಲ. ಆರ್-600ಎ ಫ್ರಿಜ್ಜಲ್ಲಿ ಫ್ರೀಜರ್ ಕಡೆ ಒತ್ತಡ ಹೊರಗಿನ ಗಾಳಿಗಿಂತಲೂ ಕಮ್ಮಿ ಇರತ್ತೆ, ಅಂದ್ರೆ ಆ ಕಡೆ ತೂತಾದ್ರೆ ಗಾಳಿ ಒಳಗೆ ನುಗ್ಗಿರತ್ತೆ, ವ್ಯಾಕ್ಯೂಮ್ ಬಿಟ್ರೆ ನಡೆಯಲ್ಲ.

ಗ್ಯಾಸನ್ನ ತೂಕ ಮಾಡಿ ಹಾಕ್ಬೇಕು. ಆರ್-600ಎ ಆದ್ರೆ ಮನೆ ಫ್ರಿಜ್ಜಿಗೆ ಸಾಮಾನ್ಯವಾಗಿ ನೂರು ಗ್ರಾಂ ಒಳಗೇ, ಸ್ಟಿಕರಲ್ಲಿ ಎಷ್ಟು ಅಂತ ಬರೆದೇ ಇರತ್ತೆ, ಅಷ್ಟು ಕಮ್ಮೀಲಿ ಹತ್ತು ಗ್ರಾಂ ಹೆಚ್ಚು ಕಮ್ಮಿ ಆದ್ರೂ ಕೂಲಿಂಗ್ ಕೆಡತ್ತೆ. ಹೆಚ್ಚಾದ್ರೆ ಕಂಪ್ರೆಸರ್‌ಗೆ ವಾಪಸ್ ಬರೋ ದಪ್ಪ ಪೈಪ್ ಮೇಲೂ ಹಿಮ ಕಟ್ಟತ್ತೆ, ಅದು ಕಂಪ್ರೆಸರ್‌ಗೆ ಒಳ್ಳೇದಲ್ಲ. ಆರ್-600ಎ ಫ್ರಿಜ್ಜಿಗೆ ಆರ್-134ಎ ಹಾಕೋದು, ಆರ್-134ಎ ಫ್ರಿಜ್ಜಿಗೆ ಆರ್-600ಎ ಹಾಕೋದು, ಅಡುಗೆ ಸಿಲಿಂಡರ್ ಗ್ಯಾಸ್ ಹಾಕೋದು, ಮೂರಕ್ಕೂ ಬೇಡ ಅನ್ನಿ. ಆರ್-600ಎ ಪೈಪನ್ನ ಒಳಗಿನ ಗ್ಯಾಸ್ ಪೂರ್ತಿ ಹೊರಗೆ ಬಿಡದೆ ಟಾರ್ಚ್ ಹಚ್ಚಿ ಬಿಡಿಸೋಕೆ ಹೋದ್ರೆ ಅಲ್ಲೇ ನಿಲ್ಲಿಸಿ, ಕೆಲಸ ಗಾಳಿ ಆಡೋ ಜಾಗದಲ್ಲಿ, ಒಲೆಯಿಂದ ದೂರ ಆಗ್ಬೇಕು.

ಲೀಕು ಫ್ರಿಜ್ಜಿನ ಗೋಡೆಯ ಫೋಮ್ ಒಳಗೆ ಅಡಗಿರೋ ಕಂಡೆನ್ಸರ್ ಪೈಪಲ್ಲಿದ್ರೆ ಅದನ್ನ ಬಿಟ್ಟು ಹೊರಗೆ ಹೊಸ ಕಂಡೆನ್ಸರ್ ಕಟ್ಟೋ ದಾರಿ ಇದೆ. ಫ್ರಿಜ್ ಹತ್ತು ಹನ್ನೆರಡು ವರ್ಷ ದಾಟಿದ್ದು, ಮೈ ತುಕ್ಕು ಹಿಡಿದಿದ್ರೆ ನನ್ನ ಮಟ್ಟಿಗೆ ಅಷ್ಟು ಖರ್ಚು ಮಾಡೋದು ಬೇಡ. ಹೊಸದಾಗಿದ್ರೆ ಕಂಪ್ರೆಸರ್ ವಾರಂಟಿ ಇನ್ನೂ ಇದ್ಯಾ ನೋಡಿ, ಫ್ರಿಜ್ಜಿಗೆ ಒಂದು ವರ್ಷ ಇದ್ರೂ ಕಂಪ್ರೆಸರ್‌ಗೆ ಬೇರೆ ವಾರಂಟಿ ಇರೋದು ಸಾಮಾನ್ಯ, ಹೊರಗಿನವ್ರು ಪೈಪ್ ಕತ್ತರಿಸಿದ್ರೆ ಅದು ಹೋಗಬಹುದು.

ರಿಪೇರಿ ಆದ್ಮೇಲೆ ಒಂದು ದಿನ ಪೂರ್ತಿ ಓಡಿಸಿ, ಲೋಟದ ನೀರಿನ ಥರ್ಮಾಮೀಟರ್ ನೋಡಿ, ಕಂಪ್ರೆಸರ್ ಆಗಾಗ ತಾನಾಗೇ ನಿಲ್ತಿದ್ಯಾ ಗಮನಿಸಿ, ಇನ್ವರ್ಟರ್ ಮಾಡೆಲ್ ಆದ್ರೆ ನಿಲ್ಲದೆ ನಿಧಾನಕ್ಕೆ ಓಡೋದು ಸಹಜ. ಬಿಲ್ಲಲ್ಲಿ ಯಾವ ಗ್ಯಾಸು, ಎಷ್ಟು ಗ್ರಾಂ, ಲೀಕ್ ಎಲ್ಲಿತ್ತು, ಫಿಲ್ಟರ್ ಬದಲಾಯ್ತಾ ಅನ್ನೋದನ್ನ ಬರೆಸ್ಕೊಳ್ಳಿ, ಅದರ ಫೋಟೋ ತೆಗೆದು ಇಟ್ಕೊಳ್ಳಿ, ಮುಂದಿನ ಸಲ ಬರೋ ಮೆಕ್ಯಾನಿಕ್‌ಗೆ ಮೊದಲು ಬೇಕಾಗೋದು ಅದೇ.